ತಟ್ಟೆಯ ಮೇಲಿನ ಮಣ್ಣು

ಮೊಣಕಾಲೂರಿದ್ದ ಅನ್ನವ್ವ ಪರಮಪ್ರಸಾದಕ್ಕೆ ಬಾಯಿ ತೆರೆಯಲಿಲ್ಲ. ಚೂರು ನೆಲಕ್ಕೆ ಬೀಳದಿರಲೆಂದು ಭಕ್ತರೆಲ್ಲ ಸರದಿಯಂತೆ ಗದ್ದದಡಿ ಹಿಡಿಯುವ ಬೆಳ್ಳಿ ತಟ್ಟೆ ಅವಳ ಕೈಯಲ್ಲಿತ್ತು. ಸೆರಗಿನ ಗಂಟು ಬಿಚ್ಚಿದವಳೇ ಒಂದು ಚಿಟಿಕೆ ಮಣ್ಣನ್ನು ಅದರ ಮೇಲೆ ಉದುರಿಸಿದಳು.

“ನನ್ನ ಮಗನ ಗೋರಿ ಮಣ್ಣ ಐತ್ರಿ, ಸ್ವಾಮ್ಯಾರ. ಅವತ್ತ ನೀವು ಇದಕ್ಕ ಕೈ ಹಚ್ಚಲಿಲ್ಲ.”

ಪಾದ್ರಿ ಮೆಂದೋನ್ಸಾ ಎತ್ತಿದ ಪ್ರಸಾದವನ್ನು ಪಾತ್ರೆಗೆ ಮರಳಿ ಇಟ್ಟರು. ಚಲೇಜಾವ್ ಚಳವಳಿಯಲ್ಲಿ ಪೊಲೀಸರ ಗುಂಡಿಗೆ ಸತ್ತ ಚೌರಪ್ಪನನ್ನು ತಿಳವಳ್ಳಿಯ ಇಗರ್ಜಿಯ ಗೋಡೆಯಾಚೆ, ಪ್ರಾರ್ಥನೆಯಿಲ್ಲದೆ ಹೂಳಿಸಿದವರು ಅವರೇ. ಕೂಸಾಗಿದ್ದಾಗ ಅವನ ನೆತ್ತಿಗೆ ನೀರು ಹೊಯ್ದು ಆ ಹೆಸರಿಟ್ಟವರೂ ಅವರೇ. ಸರ್ಕಾರಕ್ಕೆ ತಿರುಗಿಬಿದ್ದವರಿಗೆ ಸಂಸ್ಕಾರವಿಲ್ಲವೆಂದು ಬಿಷಪ್ಪರ ಅಪ್ಪಣೆಯಾಗಿತ್ತು. ಅಂದಿನಿಂದ ಪ್ರತಿ ಪೂಜೆಯಲ್ಲೂ, ಜನರ ಕಡೆ ತಿರುಗಿದಾಗಲೆಲ್ಲ, ತೆರೆದ ಬಾಗಿಲಾಚೆ ಆ ಮಣ್ಣಿನ ಗುಡ್ಡೆಯೇ ಅವರ ಕಣ್ಣಿಗೆ ಬೀಳುತ್ತಿತ್ತು.

“ಝಾಡಿಸಿ ಚೆಲ್ಲವ್ವಾ” ಎನ್ನಹೋದವರು ತಡೆದುಕೊಂಡರು. ಅವಳಿಗಿಂತ ಮೊದಲಿನವರ ಪ್ರಸಾದದ ಚೂರುಗಳು ಅಷ್ಟರಲ್ಲೇ ಆ ಮಣ್ಣಿನಲ್ಲಿ ಬೆರೆತಿದ್ದವು. ಪ್ರಸಾದದ ಒಂದು ಕಣವನ್ನೂ ಚೆಲ್ಲುವಂತಿಲ್ಲ. ತಟ್ಟೆಯನ್ನು ಪೂಜೆಯ ಪಾತ್ರೆಯೊಳಕ್ಕೆ ತೊಳೆದು ಆ ನೀರನ್ನು ಪಾದ್ರಿಯೇ ಕುಡಿಯಬೇಕು. ಇದು ಬಿಷಪ್ಪರಿಗಿಂತ ಹಳೆಯ ಅಪ್ಪಣೆ.

ಅವರು ತಟ್ಟೆಯನ್ನು ಪೀಠಕ್ಕೆ ಒಯ್ದು ತೊಳೆದು ಕುಡಿದರು. ಹರಳುಗಳು ಹಲ್ಲಿನಡಿ ಕರಕರ ಎಂದವು. ಎಷ್ಟು ನುಂಗಿದರೂ ಮಣ್ಣು ನಾಲಿಗೆ ಬಿಡಲಿಲ್ಲ. ಕೊನೆಯ ಆಶೀರ್ವಾದಕ್ಕೆ ಕೈಯೆತ್ತಿ ತಿರುಗಿದರು. ಹಿಂದಿನ ಬೆಂಚಿನಲ್ಲಿ ಪೊಲೀಸ್ ಫೌಜದಾರ ಕೂತಿದ್ದ. ಅವನ ಬೆನ್ನ ಹಿಂದೆ ಬಾಗಿಲು, ಬಾಗಿಲಾಚೆ ಗುಡ್ಡೆ. ದಿನವೂ ಹೇಳುವ ಲ್ಯಾಟಿನ್ ಮಂತ್ರಕ್ಕೆ ಅವರು ಬಾಯಿ ತೆರೆದರು.

“ಚೌರಪ್ಪಾ” ಎಂದಿತು ಬಾಯಿ.