ಅಣಕು ಸಂಧಾನ

ಅಣ್ವಸ್ತ್ರ ನಿಯಂತ್ರಣ ಕಲಿಸುವ ಆ ತರಗತಿಯಲ್ಲಿ ಕೊನೆಯ ಪರೀಕ್ಷೆಯೆಂದರೆ ಅಣಕು ಸಂಧಾನ. ಇಬ್ಬರು ಸಹಪಾಠಿಗಳು ಬಾಂಬಿರುವ ಎರಡು ವೈರಿ ದೇಶಗಳಾಗಿ ಕೂರುತ್ತಾರೆ. ನಡುವೆ ಕೂತು ಅವರನ್ನು ಒಪ್ಪಿಸುವುದು ಪರೀಕ್ಷೆಗೆ ಕೂತವರ ಕೆಲಸ. ಮೇಷ್ಟ್ರು ಮೆಚ್ಚಿದ ಒಬ್ಬರಿಗೆ ವಿಯೆನ್ನಾದ ಸಂಧಾನ ಕಚೇರಿಯ ನೌಕರಿಗೆ ಶಿಫಾರಸು. ಅದನ್ನೇ ನಂಬಿ ನಾಗವೇಣಿ ಊರಿನ ಕಾಲೇಜಿನ ಕೆಲಸ ಬಿಟ್ಟು ಬಂದಿದ್ದಳು.

ಇಷ್ಟು ವರ್ಷಗಳಲ್ಲಿ ಯಾರೂ ಒಪ್ಪಂದದ ತನಕ ಮುಟ್ಟಿರಲಿಲ್ಲ. ಸಹಪಾಠಿ ಸುಹಾಸನಂತೂ ಯಾರು ಯಾವ ಕುರ್ಚಿಯಲ್ಲಿ ಕೂರಬೇಕೆಂಬ ಚರ್ಚೆಯಲ್ಲೇ ತನ್ನ ಸರದಿ ಮುಗಿಸಿದ. ಮೊದಲು ಬಾಂಬು ಕೆಳಗಿಡುವವರು ಯಾರೆಂಬುದೇ ಜಗಳದ ಬೇರು ಎಂದು ನಾಗವೇಣಿಗೆ ಹೊಳೆಯಿತು. ಇಬ್ಬರೂ ಒಂದೇ ಗಳಿಗೆಯಲ್ಲಿ, ಎದುರು ದೇಶದ ತಪಾಸಕರ ಕಣ್ಣ ಮುಂದೆಯೇ ಬಾಂಬು ಬಿಚ್ಚಿಹಾಕಲಿ ಎಂದಳು. ಇಬ್ಬರೂ ಸಹಿ ಹಾಕಿದರು. ತರಗತಿ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮೇಷ್ಟ್ರೂ ತಟ್ಟಿದರು.

ಮರುದಿನ ಶಿಫಾರಸು ಸಿಕ್ಕಿದ್ದು ಸುಹಾಸನಿಗೆ. ಅವಳು ನೇರ ಮೇಷ್ಟ್ರ ಕೋಣೆಗೆ ನಡೆದಳು.

"ನನ್ನ ಒಪ್ಪಂದದಲ್ಲಿ ತಪ್ಪೇನಿತ್ತು ಸರ್?"

"ಒಂದೂ ಇರಲಿಲ್ಲ. ಪೂರ್ತಿ ಅಂಕ ಕೊಟ್ಟಿದ್ದೀನಲ್ಲ."

"ಅವನ ಮಾತು ಕುರ್ಚಿ ದಾಟಿ ಮುಂದಕ್ಕೇ ಹೋಗಲಿಲ್ಲ."

"ಹೋಗಲಿಲ್ಲ. ಅದೂ ಎಷ್ಟು ಸೊಗಸಾಗಿ."

"ಬಾಂಬು ಹೋಗಬೇಕು ಅಂತ ಪಾಠ ಮಾಡಿದ್ದು ನೀವೇ ಅಲ್ವಾ ಸರ್?"

ಮೇಷ್ಟ್ರು ಅವಳಿಗೂ ಒಂದು ಲೋಟ ಚಹಾ ಬಗ್ಗಿಸಿದರು.

"ವಿಯೆನ್ನಾದಲ್ಲಿ ಖಾಲಿ ಇರೋದು ಇಪ್ಪತ್ತು ವರ್ಷದ ನೌಕರಿ ಕಣಮ್ಮ. ನೀನು ಅದನ್ನ ಒಂದೇ ಮಧ್ಯಾಹ್ನಕ್ಕೆ ಮುಗಿಸಿಬಿಟ್ಟೆ."