ಎಂಟನೇ ಗಂಡು

ಗ್ರೀಕರ ಪ್ರೇಮದೇವ ಈರೋಸ್ ಈಗ ತುಮಕೂರಿನಲ್ಲಿ ಮದುವೆ ಬ್ರೋಕರ್. ಅವನು ಕರೆತಂದ ಏಳು ಗಂಡುಗಳನ್ನೂ ವಾರಿಜಾ ಬೇಡವೆಂದಿದ್ದಳು. ಇದೂ ಕೈತಪ್ಪಿದರೆ ಬಿಲ್ಲು ಕಿತ್ತುಕೊಳ್ಳುತ್ತೇನೆಂದು ಅವನಮ್ಮ ಅಫ್ರೋಡೈಟಿ ಬೈದು ಕಳಿಸಿದ್ದಳು.

ಎಂಟನೇ ಗಂಡು ಸೋಫಾದಲ್ಲಿ ಕೂತಿದ್ದ. ವಾರಿಜಾ ತಲೆ ತಗ್ಗಿಸಿಕೊಂಡು ಕೇಸರಿಬಾತಿನ ತಟ್ಟೆ ಹಿಡಿದು ಬಂದಳು. ಪರದೆಯ ಮರೆಯಿಂದ ಈರೋಸ್ ಬೆಂಕಿಕಡ್ಡಿಯಷ್ಟು ಪುಟ್ಟ ಚಿನ್ನದ ಬಾಣ ಬಿಟ್ಟ. ಬಾಣ ತಗುಲಿದವರು ಮೊದಲು ಯಾರನ್ನು ನೋಡುತ್ತಾರೋ ಅವರಿಗೇ ಮನಸೋಲುತ್ತಾರೆ. ಆದರೆ ಈ ಹುಡುಗಿ ತಲೆ ಎತ್ತಬೇಕಲ್ಲ!

"ನಮ್ಮ ಹುಡುಗಿಗೆ ನಾಚಿಕೆ ಜಾಸ್ತಿ," ಅಂದರು ಅವಳ ತಾಯಿ, ಹೆಮ್ಮೆಯಿಂದ.

ತಡೆಯಲಾರದೆ ಈರೋಸ್ ಓಡಿಬಂದು ಅವಳ ಮುಂದೆ ಮಂಡಿಯೂರಿದ. "ರೀ, ಒಂದ್ಸಲ ತಲೆ ಎತ್ತಿ. ಹುಡುಗನ್ನ ನೋಡಿ," ಎಂದು ಪಿಸುಗುಟ್ಟಿದ.

ಅವಳು ಅವನನ್ನೇ ನೋಡಿ ನಕ್ಕಳು.

"ಅಯ್ಯಯ್ಯೋ, ನನ್ನನ್ನಲ್ಲ! ನಿಮಗೆ ಬಾಣ ತಗುಲಿದೆ, ಅದಕ್ಕೇ ಹೀಗೆ..."

ವಾರಿಜಾ ತಟ್ಟೆ ಮುಂದೆ ಹಿಡಿದಳು. ಬಾಣ ಕೇಸರಿಬಾತಿನಲ್ಲಿ ನೆಟ್ಟಗೆ ನಿಂತಿತ್ತು.

"ಏಳು ಜನರನ್ನ ಬೇಡ ಅಂದಿದ್ದು ಯಾಕೆ ಅಂದ್ಕೊಂಡ್ರಿ? ಇನ್ನೊಂದು ಗಂಡನ್ನ ಕರ್ಕೊಂಡು ನೀವು ಮತ್ತೆ ಬರ್ಲಿ ಅಂತ ಕಣ್ರೀ."