ಬೈಯುವ ಪುಸ್ತಕ

ಸಕ್ಕರೆ ಕರಗುವ ಮೊದಲೇ ಗೆಳತಿ ಅರ್ಧ ನಿಂಬೆಹಣ್ಣು ತೆಗೆದುಕೊಂಡು ಬಾಣಲೆಗೆ ಹಿಂಡಿದಳು. ಮನೆಯಾಕೆಯನ್ನು ಕೇಳಲಿಲ್ಲ, ಪಕ್ಕದಲ್ಲಿದ್ದ ಅಡುಗೆ ಪುಸ್ತಕವನ್ನೂ ನೋಡಲಿಲ್ಲ.

ಮನೆಯಾಕೆಯ ಗಂಡನ ಅಂತ್ಯಕ್ರಿಯೆಗೆ ಬಂದಿದ್ದವರಲ್ಲಿ ಕೊನೆಯವಳಾದ ನಾದಿನಿ ಹಿಂದಿನ ಸಂಜೆ ಹೊರಟಿದ್ದಳು. ಬಾಡಿಗೆ ಕುರ್ಚಿಗಳೂ ಹೋಗಿದ್ದವು. ಇವತ್ತು ಭಾನುವಾರ. ಎರಡು ವರ್ಷದ ರೂಢಿಯಂತೆ ಗೆಳತಿ ಹತ್ತು ಗಂಟೆಗೆ ಸಕ್ಕರೆ ಪೊಟ್ಟಣ ಹಿಡಿದು ಬಂದಿದ್ದಳು. ಬೇಡ ಎನ್ನಲಾಗದೆ ಮನೆಯಾಕೆ ಒಲೆ ಹಚ್ಚಿದ್ದಳು.

ತಟ್ಟೆಗೆ ಸುರಿದ ಪಾಕ ಆರಿದಾಗ ಗಾಜಿನಂತೆ ತಿಳಿಯಾಗಿತ್ತು. ತಟ್ಟೆಯ ತಳದ ಗೀರುಗಳು ಕಾಣುತ್ತಿದ್ದವು. ಇಷ್ಟು ದಿನ ಒಮ್ಮೆಯೂ ಹೀಗಾಗಿರಲಿಲ್ಲ. ಪ್ರತಿಸಲ ಮಿಠಾಯಿ ಮರಳು ಮರಳಾಗುತ್ತಿತ್ತು. ಯಾರೋ ತಾಯಿ ಮಗಳಿಗೆ ಬೈಯುತ್ತಲೇ ಕೈಬರಹದಲ್ಲಿ ಬರೆದ ಪುಸ್ತಕ ಅದು. ಅವಳು ಅದನ್ನು ಅದೇ ದನಿಯಲ್ಲಿ ಗೆಳತಿಗೆ ಓದಿ ಹೇಳುತ್ತಿದ್ದಳು. ಈ ಮಿಠಾಯಿಯ ಪುಟದ ಮೂಲೆ ಮಾತ್ರ ಸುಟ್ಟು, ಒಂದು ಸಾಲು ಇಲ್ಲವಾಗಿತ್ತು.

"ನಿಂಬೆಹಣ್ಣು ಹಾಕ್ಬೇಕು ಅಂತ ಯಾರು ಹೇಳಿದ್ರು ನಿಂಗೆ?"

ತಟ್ಟೆ ಒರೆಸುತ್ತಿದ್ದ ಗೆಳತಿಯ ಕೈ ನಿಂತಿತು. "ಸುಮ್ನೆ ಹಾಕ್ದೆ."

"ಸುಮ್ನೆ ಹಾಕೋಳಾ ನೀನು? ನನ್ನ ಕೇಳದೆ ಸೌಟು ಎತ್ತಿದವಳಲ್ಲ."

ನೀರು ಕಾಯಿಸಲೂ ಬಾರದ ಗಂಡ, ಸಾಯುವ ಒಂದು ತಿಂಗಳು ಮೊದಲು ಒಂದು ಚೂರು ಬಾಯಿಗೆ ಹಾಕಿಕೊಂಡು ಹೇಳಿದ್ದ: "ಒಂಚೂರು ಹುಳಿ ಬಿದ್ದಿದ್ರೆ ಸರಿಹೋಗ್ತಿತ್ತು." ಆಗ ಅವಳು ನಕ್ಕಿದ್ದಳು. ಕನ್ನಡಕದ ಅಂಗಡಿಯಲ್ಲಿ ಅವನು ಗಾಜು ಉಜ್ಜುತ್ತಿದ್ದ. ಗೆಳತಿ ಗಿರಾಕಿಗಳ ಕಣ್ಣು ಪರೀಕ್ಷಿಸುತ್ತಿದ್ದಳು. ವಾರಕ್ಕೆ ಆರು ದಿನ, ಒಂದೇ ಸೂರಿನ ಕೆಳಗೆ. 'ಅಂಗಡೀಲಿ ಒಬ್ಬಳಿಗೆ ಮಿಠಾಯಿ ಕಲೀಬೇಕಂತೆ' ಎಂದು ಕರೆತಂದವನೂ ಅವನೇ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದಿದೆ, ಬಟ್ಟಲು ಹಿಡಿದು ನಿಂತವಳು ನಾನು ಎಂದು ಅವಳು ಅಂದುಕೊಂಡಳು.

"ನಿನ್ನ ಮನೇಲಿ ಕೂತು ಅವರು ತಿಂತಿದ್ರಾ?"

"ಏನು?"

"ಮಿಠಾಯಿ ಕಣೇ. ಹುಳಿ ಹಾಕಿದ್ದು."

"ಛೆ! ಅಂಗಡಿಗೆ ಒಂದ್ಸಲ ಡಬ್ಬಿ ತಗೊಂಡು ಹೋಗಿದ್ದೆ. ಎಲ್ಲರ ಜೊತೆ ಅವರೂ ತಿಂದ್ರು."

"ಅಂದ್ರೆ ನಿಂಗೆ ಮಾಡೋಕೆ ಬರ್ತಿತ್ತು."

ಗೆಳತಿ ಸ್ಟೂಲಿನ ಮೇಲೆ ಕುಳಿತಳು. "ಆ ಪುಸ್ತಕ ನಮ್ಮಮ್ಮಂದು."

"ಸುಳ್ಳು. ಹಳೇ ಪೇಪರ್ ಅಂಗಡೀಲಿ ಸಿಕ್ತು ಅಂತ ಅವರು ತಂದುಕೊಟ್ಟಿದ್ರು."

"ನನ್ನ ಹತ್ರ ಇಸ್ಕೊಂಡ್ರು, ನಾಲ್ಕು ವಾರಕ್ಕೆ ಅಂತ. ಈ ಊರಿಗೆ ಬಂದಾಗಿಂದ ನೀನು ಯಾರ ಜೊತೇನೂ ಮಾತಾಡ್ತಿಲ್ಲ, ಕೈಗೇನಾದ್ರೂ ಕೆಲಸ ಕೊಡ್ಬೇಕು ಅಂದ್ರು. ಬೇರೆಯವರದು ಅಂದ್ರೆ ನೀನು ಮುಟ್ಟಲ್ವಂತೆ. ಆಮೇಲೆ, ಕಲಿಯೋಳ ಥರ ಬಾ ಅಂದ್ರು."

ಅವಳು ಪುಸ್ತಕವನ್ನು ಗೆಳತಿಗೆ ಕಾಣದಂತೆ ತನ್ನ ಕಡೆಗೆ ತಿರುಗಿಸಿಕೊಂಡು ತೆರೆದಳು. ಕಣ್ಣು ಪರೀಕ್ಷೆಗೆ ಗೋಡೆಯ ಅಕ್ಷರ ಓದಿಸುವಾಗ ಗೆಳತಿ ಗಿರಾಕಿಗಳನ್ನು ಕೇಳುವ ಧಾಟಿಯಲ್ಲೇ ಅವಳು ಕೇಳಿದಳು: "ಹನ್ನೆರಡನೇ ಪುಟ. ಓದು ನೋಡೋಣ."

ಗೆಳತಿ ಒಲೆ ನೋಡುತ್ತ ಹೇಳಿದಳು: "'ಕಡಲೆಬೀಜದ ಮಿಠಾಯಿ. ಬೀಜ ಸಣ್ಣ ಉರಿಯಲ್ಲಿ ಹುರಿ. ಒಲೆ ಮೇಲೆ ಬಾಣಲೆ ಇಟ್ಟು ಊರು ಸುತ್ತಬೇಡ, ಕತ್ತೆ. ನಿನಗೆ ಹೇಳುವುದೂ ಒಂದೇ, ಈ ಗೋಡೆಗೆ ಹೇಳುವುದೂ ಒಂದೇ.' ಕತ್ತೆ ಅನ್ನೋದರ ಮೇಲೆ ಎಣ್ಣೆ ಬಿದ್ದಿದೆ."

ಬಿದ್ದಿತ್ತು.

"ನಿಮ್ಮಮ್ಮನ ಮಿಠಾಯೀನ ನಿಂಗೇ ಹೇಳಿಕೊಟ್ಟೆ," ಎಂದಳು ಅವಳು. "ನೀನು ತಲೆ ಆಡಿಸ್ತಾ ಕೂತೆ. ಕನಿಕರಕ್ಕೆ ಬರ್ತಿದ್ಯಾ?"

"ಮೊದಲ ತಿಂಗಳು ಅವರ ಮಾತಿಗೆ ಬಂದೆ. ಆಮೇಲೆ ಬೈಸ್ಕೊಳ್ಳೋಕೆ ಬಂದೆ."

"ಬೈಸ್ಕೊಳ್ಳೋಕಾ?"

"ನೀನು ಓದಿದ್ರೆ ಅಮ್ಮನೇ ಬೈದ ಹಾಗಿರುತ್ತೆ. ಅವಳು ಹೋದ ಮೇಲೆ ಆ ಪುಸ್ತಕ ತೆರೆಯೋಕೇ ಆಗಿರ್ಲಿಲ್ಲ ನಂಗೆ. ಸುಟ್ಟ ಸಾಲು ನಿಂಬೆಹಣ್ಣಿಂದು ಅಂತ ಗೊತ್ತಿದ್ರೂ ಬಾಯಿ ಬಿಡ್ಲಿಲ್ಲ. ಮಿಠಾಯಿ ಸರಿಯಾಗಿಬಿಟ್ರೆ ನನ್ನ ಬೈಯೋರು ಯಾರು? ಇವತ್ತು ಎಚ್ಚರ ತಪ್ಪಿತು. ಕೈ ತಾನಾಗೇ ಹಿಂಡಿಬಿಡ್ತು."

ಅವಳು ಗೆಳತಿಯ ಮುಖವನ್ನೇ ನೋಡಿದಳು. ನಂಬಬೇಕೆನಿಸಿತು, ಅದಕ್ಕೇ ಅನುಮಾನ ಇನ್ನಷ್ಟು ಬಲವಾಯಿತು. ಅವನು ಹೋದ ಮೇಲೆ ತನ್ನದು ಎಂದು ಉಳಿದಿದ್ದದ್ದು ಈ ಭಾನುವಾರವೊಂದೇ. ಅದೂ ಅವನು ಹೇಳಿ ಮಾಡಿಸಿದ್ದೇ?

ಪುಸ್ತಕದ ರಟ್ಟು ಪಾಕದಿಂದ ಅಂಟಂಟಾಗಿತ್ತು. ಒದ್ದೆ ಬಟ್ಟೆಯಿಂದ ಒರೆಸಿ, ಒಣ ಬಟ್ಟೆಯಿಂದ ಇನ್ನೊಮ್ಮೆ ಒರೆಸಿ, ಗೆಳತಿಯ ಕೈಯಲ್ಲಿಟ್ಟಳು.

"ತಗೋ. ಅವರು ಇಸ್ಕೊಂಡಿದ್ದು."

"ನಿನ್ನ ಹತ್ರಾನೇ ಇರ್ಲಿ ಕಣೇ."

"ಬೇಡ." ಅವಳು ಹೋಗಿ ಬಾಗಿಲು ತೆರೆದಳು. "ಮುಂದಿನ ವಾರ ನಮ್ಮನೆಗೆ ಹೋಗು ಅಂತ ನಿಂಗೆ ಹೇಳೋಕೆ ಅವರಿಲ್ಲ. ನಾನಂತೂ ಕರೆಯಲ್ಲ. ನೀನಾಗೇ ಬಂದ್ರೆ ಬೈತೀನಿ. ಅದಕ್ಕೆ ಪುಸ್ತಕ ಬೇಕಾಗಿಲ್ಲ."